ಬಟಾಣಿ, ಕಡ್ಡಿ ಮತ್ತು ಕಪ್ಪು ಕಲ್ಲು: ಇಂಗಾಲದ ಬಂಧಗಳನ್ನು ಕಟ್ಟಿ ನೋಡುವ, ಉಲ್ಕಾಶಿಲೆಯನ್ನು ಪರೀಕ್ಷಿಸುವ ಬಗೆ

ಕೊಡಗಿನಲ್ಲಿ ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ, ಕೆರೆಯ ಹೂಳೆತ್ತುವಾಗ, ಮಳೆಗಾಲದಲ್ಲಿ ಕುಸಿದ ಬರೆಯನ್ನು ಸರಿಪಡಿಸುವಾಗ ಒಮ್ಮೊಮ್ಮೆ ಅಂಗೈಗೆ ಭಾರವೆನಿಸುವ ಕಪ್ಪು ಕಲ್ಲು ಸಿಗುತ್ತದೆ. ಸೋಮವಾರಪೇಟೆ ಕಡೆಯ ನಮ್ಮ ತೋಟದಲ್ಲಿ ಅಂಥದೊಂದು ಸಿಕ್ಕಾಗ ನನ್ನ ಅಕ್ಕನ ಮಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, "ಮಾವ, ಇದು ಆಕಾಶದಿಂದ ಬಿದ್ದದ್ದಾ? ಉಲ್ಕೆಯ ಕಲ್ಲಿನಲ್ಲಿ ವಜ್ರ ಇರುತ್ತದಂತೆ, ಹೌದಾ?" ಎಂದು ಕೇಳಿದಳು. ಒಂದೇ ಉಸಿರಿನಲ್ಲಿ ಬಂದ ಆ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಒಂದು ಪಾತ್ರೆ ನೀರು, ಅಡುಗೆಮನೆಯ ತಕ್ಕಡಿ ಮತ್ತು ಒಂದು ಬಿಳಿ ಟೈಲ್ಸ್ ತುಂಡು ಸಾಕಾಯಿತು. ಎರಡನೆಯದಕ್ಕೆ, ವಜ್ರವೂ ಇಂಗಾಲವೇ ಆದ್ದರಿಂದ, ಇಂಗಾಲದ ಪರಮಾಣುಗಳು ಒಂದನ್ನೊಂದು ಹಿಡಿದುಕೊಳ್ಳುವ ರೀತಿಯನ್ನೇ ಕಣ್ಣಿಗೆ ಕಾಣುವಂತೆ ಮಾಡಬೇಕಾಯಿತು. ಅದಕ್ಕೆ ಒಂದು ಪಾವು ಬಟಾಣಿಯೂ ಒಂದು ಹಿಡಿ ತೆಂಗಿನ ಪೊರಕೆಕಡ್ಡಿಯೂ ಬೇಕಾದವು.

ನಾನು ಬಟಾಣಿಯ ಕೆಲಸವನ್ನೇ ಮೊದಲು ಹೇಳುತ್ತೇನೆ. ಉಲ್ಕಾಶಿಲೆಯನ್ನು ಕೈಯಿಂದ ಮುಟ್ಟಬಾರದು, ತೊಳೆಯಬಾರದು, ಪ್ಲಾಸ್ಟಿಕ್ಕಿನಲ್ಲಿ ಇಡಬಾರದು ಎಂಬ ಎಚ್ಚರಿಕೆಗಳು ಬರೀ ನಿಯಮಗಳಾಗಿ ಕೇಳಿದರೆ ಮರೆತುಹೋಗುತ್ತವೆ. ಇಂಗಾಲಕ್ಕೆ ನಾಲ್ಕು ಕೈಗಳಿವೆ ಎಂಬುದನ್ನು ಒಮ್ಮೆ ಕಟ್ಟಿ ನೋಡಿದವರಿಗೆ ಆ ಎಚ್ಚರಿಕೆಗಳ ಕಾರಣ ತಾನಾಗಿ ತಿಳಿಯುತ್ತದೆ.

ನಾಲ್ಕು ಕೈಗಳನ್ನು ಕಟ್ಟುವುದು

ಒಣ ಬಟಾಣಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬಸಿದು, ಬಟ್ಟೆಯ ಮೇಲೆ ಒಂದು ಗಂಟೆ ಹರಡಿಡಿ. ಬೇಯಿಸಬಾರದು. ನೆನೆದ ಕಾಳಿಗೆ ಕಡ್ಡಿ ಸುಲಭವಾಗಿ ಇಳಿಯುತ್ತದೆ. ಎರಡು ದಿನ ಕಳೆದು ಕಾಳು ಒಣಗುತ್ತ ಬಂದಂತೆ ಕುಗ್ಗಿ ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅಂಟು ಬೇಕಾಗುವುದಿಲ್ಲ. ಈ ಕೆಲಸವನ್ನು ಡಿಸೆಂಬರಿನಿಂದ ಫೆಬ್ರವರಿಯ ಒಳಗೆ, ಕಣದಲ್ಲಿ ಕಾಫಿ ಒಣಗುವ ಬಿಸಿಲಿನ ದಿನಗಳಲ್ಲಿ ಮಾಡುವುದು ಒಳ್ಳೆಯದು. ಜುಲೈ ತಿಂಗಳಲ್ಲಿ ಮಾಡಿದರೆ ಒಣಗುವ ಮೊದಲೇ ಬಟಾಣಿಗೆ ಬೂಷ್ಟು ಹಿಡಿಯುತ್ತದೆ.

ಅಳತೆಯನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಪರಮಾಣುಗಳ ನಡುವಿನ ದೂರವನ್ನು ಆಂಗ್‌ಸ್ಟ್ರಾಂ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಾಂ. ನಾವು ಒಂದು ಆಂಗ್‌ಸ್ಟ್ರಾಂಗೆ 4 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ಆಗ ವಜ್ರದಲ್ಲಿ ಇಂಗಾಲದಿಂದ ಇಂಗಾಲಕ್ಕಿರುವ 1.54 ಆಂಗ್‌ಸ್ಟ್ರಾಂ ದೂರವು ನಮ್ಮ ಮಾದರಿಯಲ್ಲಿ ಸುಮಾರು 6.2 ಸೆಂ.ಮೀ. ಆಗುತ್ತದೆ, ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಇಂಗಾಲವಾದ ಗ್ರಾಫೈಟಿನ 1.42 ಆಂಗ್‌ಸ್ಟ್ರಾಂ ಸುಮಾರು 5.7 ಸೆಂ.ಮೀ. ಆಗುತ್ತದೆ. ಈ ದೂರವನ್ನು ಕಾಳಿನ ನಡುಮಧ್ಯದಿಂದ ಇನ್ನೊಂದು ಕಾಳಿನ ನಡುಮಧ್ಯಕ್ಕೆ ಅಳೆಯಬೇಕು.

ಇಂಗಾಲದ ಪರಮಾಣುವಿನಲ್ಲಿ ಆರು ಎಲೆಕ್ಟ್ರಾನುಗಳಿವೆ, ಅವುಗಳಲ್ಲಿ ನಾಲ್ಕು ಹೊರಕವಚದಲ್ಲಿವೆ. ಆ ಕವಚ ತುಂಬಲು ಎಂಟು ಬೇಕು. ನಾಲ್ಕನ್ನು ಬಿಟ್ಟುಕೊಡುವುದೂ ಕಷ್ಟ, ನಾಲ್ಕನ್ನು ಕಿತ್ತುಕೊಳ್ಳುವುದೂ ಕಷ್ಟ. ಆದ್ದರಿಂದ ಇಂಗಾಲವು ನೆರೆಯ ಪರಮಾಣುಗಳೊಂದಿಗೆ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತದೆ. ಹೀಗೆ ಹಂಚಿಕೊಂಡ ಒಂದು ಜೋಡಿ ಎಲೆಕ್ಟ್ರಾನುಗಳೇ ಒಂದು ಬಂಧ, ನಮ್ಮ ಒಂದು ಕಡ್ಡಿ. ನಾಲ್ಕು ಜೋಡಿಗಳೂ ಒಂದನ್ನೊಂದು ದೂರ ತಳ್ಳುವುದರಿಂದ ನಾಲ್ಕು ಕಡ್ಡಿಗಳು ಚಪ್ಪಟೆಯಾಗಿ ಕೂಡಿಸು ಗುರುತಿನಂತೆ ನಿಲ್ಲುವುದಿಲ್ಲ. ಒಂದಕ್ಕೊಂದು ಆದಷ್ಟು ದೂರ ಸರಿದು, ಯಾವ ಎರಡನ್ನು ತೆಗೆದುಕೊಂಡರೂ ನಡುವೆ 109.5 ಡಿಗ್ರಿ ಕೋನ ಇರುವಂತೆ ನಿಲ್ಲುತ್ತವೆ.

ಈ ಕೋನವನ್ನು ಕೋನಮಾಪಕ ಹಿಡಿದು ಕಾಳಿಗೆ ಚುಚ್ಚಲು ಹೋದರೆ ಕೈ ತಪ್ಪುತ್ತದೆ. ಅದಕ್ಕಿಂತ ಸುಲಭವಾದ ದಾರಿ ಇದೆ. ಒಂದು ರಟ್ಟಿನ ಮೇಲೆ ಪ್ರತಿ ಬದಿಯೂ 10.1 ಸೆಂ.ಮೀ. ಇರುವ ಸಮಬಾಹು ತ್ರಿಕೋನವನ್ನು ಬರೆಯಿರಿ. ಬಟಾಣಿಗೆ ಮೂರು ಕಡ್ಡಿಗಳನ್ನು ಮುಕ್ಕಾಲಿಯ ಕಾಲುಗಳಂತೆ ಚುಚ್ಚಿ, ಕಾಳಿನ ಮಧ್ಯದಿಂದ ತುದಿಯವರೆಗೆ 6.2 ಸೆಂ.ಮೀ. ಉಳಿಯುವಂತೆ ಕತ್ತರಿಸಿ, ಮೂರು ತುದಿಗಳು ತ್ರಿಕೋನದ ಮೂರು ಮೂಲೆಗಳ ಮೇಲೆ ಕೂರುವಂತೆ ಬಗ್ಗಿಸಿ ನಿಲ್ಲಿಸಿ. ಕಾಳಿನ ಮಧ್ಯಭಾಗ ರಟ್ಟಿನಿಂದ ಸುಮಾರು 2 ಸೆಂ.ಮೀ. ಎತ್ತರದಲ್ಲಿದ್ದರೆ, ಅಂದರೆ ಕಾಲಿನ ಉದ್ದದ ಮೂರನೆಯ ಒಂದು ಭಾಗದಷ್ಟಿದ್ದರೆ, ಕೋನ ಸರಿಯಾಗಿದೆ. ನಾಲ್ಕನೆಯ ಕಡ್ಡಿಯನ್ನು ನೆತ್ತಿಯ ಮೇಲೆ ನೆಟ್ಟಗೆ ಚುಚ್ಚಿ. ಈಗ ಮಾದರಿಯನ್ನು ಹೇಗೆ ಉರುಳಿಸಿದರೂ ಮೂರು ಕಾಲು ಕೆಳಗೆ, ಒಂದು ಮೇಲೆ ಆಗಿಯೇ ನಿಲ್ಲುತ್ತದೆ. ಮಕ್ಕಳ ಕೈಗೆ ಕೊಟ್ಟರೆ ಅವರು ಮೊದಲು ಮಾಡುವುದೇ ಈ ಉರುಳಿಸುವ ಕೆಲಸ. ಮಾಡಲಿ ಬಿಡಿ, ಇಂಗಾಲದ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಮಾತು ನನಗೆ ಗೊತ್ತಿಲ್ಲ.

ವಜ್ರ, ಪೆನ್ಸಿಲ್ಲು ಮತ್ತು ಒಲೆಯ ಮಸಿ

ವಜ್ರವನ್ನು ಕಟ್ಟಲು ಹತ್ತು ಕಾಳು, ಹನ್ನೆರಡು ಕಡ್ಡಿ ಸಾಕು. ಆರು ಕಾಳುಗಳನ್ನು ಉಂಗುರವಾಗಿ ಜೋಡಿಸಿ, ಆದರೆ ಚಪ್ಪಟೆಯಾಗಿ ಅಲ್ಲ, ಒಂದು ಮೇಲೆ ಒಂದು ಕೆಳಗೆ ಬರುವಂತೆ ಅಂಕುಡೊಂಕಾಗಿ ಜೋಡಿಸಿ. ಮೇಲೆದ್ದ ಮೂರು ಕಾಳುಗಳ ನೆತ್ತಿಗೆ ಒಂದೊಂದು ಕಡ್ಡಿ ಚುಚ್ಚಿ, ಅವುಗಳ ತುದಿಗೆ ಒಂದೊಂದು ಕಾಳು ಹಾಕಿ, ಆ ಮೂರನ್ನೂ ಮೂರು ಕಡ್ಡಿಗಳಿಂದ ಕೊನೆಯ ಹತ್ತನೆಯ ಕಾಳಿಗೆ ಸೇರಿಸಿ. ಸಿಗುವ ಪಂಜರವು ವಜ್ರದ ಅತಿ ಸಣ್ಣ ಮಾದರಿ. ಅದನ್ನು ಯಾವ ದಿಕ್ಕಿನಿಂದ ಒತ್ತಿದರೂ ಬಾಗುವುದಿಲ್ಲ, ಏಕೆಂದರೆ ಒಂದು ಕಡ್ಡಿ ಬಾಗಬೇಕಾದರೆ ಅದರ ಎಲ್ಲ ನೆರೆಯವೂ ಬಾಗಬೇಕು. ವಜ್ರದ ಗಡಸುತನದ ಗುಟ್ಟು ಅಷ್ಟೇ.

ಗ್ರಾಫೈಟಿನಲ್ಲಿ ಇದೇ ಇಂಗಾಲವು ಮೂರು ನೆರೆಯವರನ್ನು ಮಾತ್ರ ಹಿಡಿಯುತ್ತದೆ. ಕಾಳಿನ ಸುತ್ತ ಒಂದೇ ಸಮತಲದಲ್ಲಿ 120 ಡಿಗ್ರಿ ಅಂತರದಲ್ಲಿ ಮೂರು ಕಡ್ಡಿ ಚುಚ್ಚುತ್ತ ಹೋದರೆ ಜೇನುಗೂಡಿನಂತಹ ಹಾಳೆ ಬೆಳೆಯುತ್ತದೆ; ನಡುವೆ ಒಂದು, ಸುತ್ತ ಆರು, ಹೀಗೆ ಏಳು ಷಟ್ಕೋನಗಳಿಗೆ 24 ಕಾಳು, 30 ಕಡ್ಡಿ ಬೇಕು. ಇಂಥ ಎರಡು ಹಾಳೆಗಳನ್ನು ಕಟ್ಟಿ, ಒಂದನ್ನು ಮೇಜಿನ ಮೇಲಿಟ್ಟು ಇನ್ನೊಂದನ್ನು ದಾರದಿಂದ 13.4 ಸೆಂ.ಮೀ. ಮೇಲೆ ತೂಗುಬಿಡಿ. ನಮ್ಮ ಅಳತೆಯಲ್ಲಿ ಗ್ರಾಫೈಟಿನ ಪದರಗಳ ನಡುವಿನ ನಿಜವಾದ ದೂರ, ಅಂದರೆ 3.35 ಆಂಗ್‌ಸ್ಟ್ರಾಂ, ಇದೇ. ಹಾಳೆಯೊಳಗೆ ಕಾಳುಗಳು 5.7 ಸೆಂ.ಮೀ. ಹತ್ತಿರದಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿವೆ, ಹಾಳೆಗಳ ನಡುವೆ ಅದರ ಎರಡು ಪಟ್ಟಿಗೂ ಮಿಗಿಲಾದ ಬರಿದಾದ ಜಾಗವಿದೆ, ಅಲ್ಲಿ ಕಡ್ಡಿಯೇ ಇಲ್ಲ. ಪೆನ್ಸಿಲ್ಲು ಕಾಗದದ ಮೇಲೆ ಜಾರಿ ಗೆರೆ ಮೂಡುವುದು ಈ ಪದರಗಳು ಕಳಚಿಕೊಳ್ಳುವುದರಿಂದ. ಪ್ರತಿ ಪರಮಾಣುವಿನ ನಾಲ್ಕನೆಯ ಎಲೆಕ್ಟ್ರಾನು ಇಡೀ ಹಾಳೆಯ ಮೇಲೆ ಹರಿದಾಡುವುದರಿಂದ ಗ್ರಾಫೈಟು ವಿದ್ಯುತ್ತನ್ನೂ ಹರಿಸುತ್ತದೆ. ಪೆನ್ಸಿಲಿನ ಎರಡೂ ತುದಿ ಚೂಪು ಮಾಡಿ, ಎರಡು ಟಾರ್ಚ್ ಸೆಲ್ಲು ಮತ್ತು ಒಂದು ಕೆಂಪು ಎಲ್‌ಇಡಿಯ ನಡುವೆ ತಂತಿಯಿಂದ ಸೇರಿಸಿ ನೋಡಿದರೆ ದೀಪ ಹತ್ತುತ್ತದೆ. ಹತ್ತದಿದ್ದರೆ ಎಲ್‌ಇಡಿಯ ಕಾಲುಗಳನ್ನು ಅದಲುಬದಲು ಮಾಡಿ.

ಒಲೆಯ ಮೇಲಿನ ಮಸಿ ಮತ್ತು ಇದ್ದಿಲು ವಜ್ರಕ್ಕೂ ಗ್ರಾಫೈಟಿಗೂ ನಡುವಿನವು ಎನ್ನುವುದಕ್ಕಿಂತ, ಹರಿದು ಮುದುಡಿದ ಗ್ರಾಫೈಟಿನ ಚೂರುಗಳ ರಾಶಿ ಎನ್ನುವುದೇ ಸರಿ. ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಉಲ್ಕಾಶಿಲೆಯ ಇಂಗಾಲದ ಬಹುಪಾಲು ಈ ಜಾತಿಗೇ ಹತ್ತಿರದ್ದು.

ಇನ್ನೆರಡು ಸಣ್ಣ ಮಾದರಿಗಳನ್ನು ಬಿಡಬಾರದು. ಎರಡು ಕಾಳುಗಳನ್ನು ಒಂದೇ ಕಡ್ಡಿಯಿಂದ ಸೇರಿಸಿದರೆ ಒಂದನ್ನು ಹಿಡಿದು ಇನ್ನೊಂದನ್ನು ತಿರುಗಿಸಬಹುದು. ಎರಡು ಕಡ್ಡಿಗಳಿಂದ ಸೇರಿಸಿದರೆ ತಿರುಗುವುದಿಲ್ಲ. ಏಕಬಂಧ ಮತ್ತು ದ್ವಿಬಂಧಗಳ ವ್ಯತ್ಯಾಸ ಇದು. ಅಡುಗೆ ಅನಿಲದಲ್ಲಿರುವ ಬ್ಯೂಟೇನಿನಲ್ಲಿ ನಾಲ್ಕು ಇಂಗಾಲಗಳು ಏಕಬಂಧಗಳ ಸಾಲಿನಲ್ಲಿವೆ. ನಮ್ಮ ಕಾಫಿಯ ಕೆಫೀನಿನಲ್ಲಿ ಎಂಟು ಇಂಗಾಲ, ನಾಲ್ಕು ಸಾರಜನಕ ಇವೆ. ಪರಸ್ಪರ ಅಂಟಿದ ಎರಡು ಉಂಗುರಗಳು ಅದರ ಬೆನ್ನೆಲುಬು. ಎರಡು ಆಮ್ಲಜನಕ ಹೊತ್ತ ಆ ಉಂಗುರದ ಜೋಡಿಗೆ ಕ್ಸಾಂಥೀನ್ ಎಂದು ಹೆಸರು. ಕ್ಸಾಂಥೀನಿಗೆ ಒಂದು ಇಂಗಾಲ ಮತ್ತು ಮೂರು ಜಲಜನಕಗಳ ಗೊಂಚಲುಗಳು ಮೂರು ಅಂಟಿದರೆ ಅದೇ ಕೆಫೀನ್. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಎಡ, ಬಲ

ಈಗ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಮೊದಲು ಕಟ್ಟಿದ ನಾಲ್ಕು ಕಡ್ಡಿಗಳ ಮಾದರಿಯಂಥವನ್ನು ಎರಡು ಮಾಡಿ. ಒಂದರ ನಾಲ್ಕು ತುದಿಗಳಿಗೆ ನಾಲ್ಕು ಬೇರೆ ಬೇರೆ ವಸ್ತುಗಳನ್ನು ಚುಚ್ಚಿ: ಒಂದು ಹಸಿ ಕಾಳುಮೆಣಸು, ಒಂದು ಕೆಂಪು ಕಾಫಿ ಹಣ್ಣು, ಒಂದು ತುಂಡು ಕಿತ್ತಳೆ ಸಿಪ್ಪೆ, ಒಂದು ಬಟಾಣಿ. ಕಾಫಿ ಹಣ್ಣಿಗೆ ಬದಿಯಿಂದ ಚುಚ್ಚಿದರೆ ಬೀಜ ತಡೆಯುತ್ತದೆ. ತೊಟ್ಟು ಕಳಚಿದ ಜಾಗದಿಂದ ಚುಚ್ಚಿದರೆ ಎರಡು ಬೀಜಗಳ ನಡುವಿನ ಸಂದಿನಲ್ಲಿ ಕಡ್ಡಿ ಸಲೀಸಾಗಿ ಇಳಿಯುತ್ತದೆ. ಈ ಮಾದರಿಯನ್ನು ಕನ್ನಡಿಯ ಮುಂದಿಟ್ಟು, ಕನ್ನಡಿಯೊಳಗೆ ಕಾಣುವುದನ್ನು ನೋಡಿಕೊಂಡು ಎರಡನೆಯದನ್ನು ಕಟ್ಟಿ. ನಂತರ ಎರಡನ್ನೂ ಕೈಗೆತ್ತಿಕೊಂಡು, ನಾಲ್ಕೂ ತುದಿಗಳು ಹೊಂದುವಂತೆ ಒಂದರ ಮೇಲೊಂದು ಇಡಲು ಪ್ರಯತ್ನಿಸಿ. ಎರಡು ತುದಿ ಹೊಂದಿದರೆ ಉಳಿದೆರಡು ಅದಲುಬದಲಾಗಿರುತ್ತವೆ. ಎಡಗೈಯ ಕೈಗವಸು ಬಲಗೈಗೆ ಕೂರದಂತೆಯೇ ಇದೂ.

ಕಾಳುಮೆಣಸನ್ನು ಜಲಜನಕವೆಂದೂ, ಕಾಫಿ ಹಣ್ಣನ್ನು ಸಾರಜನಕದ ಗುಂಪೆಂದೂ, ಕಿತ್ತಳೆ ಸಿಪ್ಪೆಯನ್ನು ಆಮ್ಲದ ಗುಂಪೆಂದೂ, ಕೊನೆಯ ಬಟಾಣಿಯನ್ನು ಮೂರು ಜಲಜನಕ ಹೊತ್ತ ಇನ್ನೊಂದು ಇಂಗಾಲವೆಂದೂ ಭಾವಿಸಿದರೆ ನಿಮ್ಮ ಕೈಯಲ್ಲಿರುವುದು ಅಲನಿನ್ ಎಂಬ ಅಮೈನೋ ಆಮ್ಲದ ಎಡ ಮತ್ತು ಬಲ ರೂಪಗಳು. ಭೂಮಿಯ ಜೀವಿಗಳು ತಮ್ಮ ಪ್ರೋಟೀನುಗಳನ್ನು ಕಟ್ಟುವಾಗ ಎಡ ರೂಪವನ್ನೇ ಬಳಸುತ್ತವೆ. ಜೀವದ ಕೈವಾಡವಿಲ್ಲದೆ ಬರೀ ರಸಾಯನ ಕ್ರಿಯೆಯಿಂದ ಉಂಟಾದರೆ ಎಡ ಬಲಗಳು ಸಾಮಾನ್ಯವಾಗಿ ಸಮಪಾಲು ಇರುತ್ತವೆ.

ಉಲ್ಕಾಶಿಲೆಯಲ್ಲಿ ಏನಿರುತ್ತದೆ

1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ಊರಿನಲ್ಲಿ ಸುಮಾರು 100 ಕಿಲೋ ತೂಕದ ಕಪ್ಪು ಕಲ್ಲುಗಳು ಬಿದ್ದವು. ಅದರಲ್ಲಿ ಸಿಕ್ಕ ಅಮೈನೋ ಆಮ್ಲಗಳು ಆಕಾಶದಿಂದ ಬಂದವೋ, ಹೆಕ್ಕಿದವರ ಬೆವರಿನಿಂದ ಬಂದವೋ ಎಂಬ ಪ್ರಶ್ನೆ ಎದ್ದಾಗ ವಿಜ್ಞಾನಿಗಳು ನೋಡಿದ್ದು ನಾವು ಈಗ ಕಟ್ಟಿದ ಎಡ ಬಲಗಳನ್ನೇ. 1970ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಎರಡೂ ರೂಪಗಳು ಹೆಚ್ಚುಕಡಿಮೆ ಸಮನಾಗಿದ್ದವು, ಮೇಲಾಗಿ ಭೂಮಿಯ ಪ್ರೋಟೀನುಗಳಲ್ಲಿ ಇಲ್ಲದ ಅಮೈನೋ ಆಮ್ಲಗಳೂ ಇದ್ದವು. ಬೆರಳಿನ ಬೆವರು ಹಾಗಿರುವುದಿಲ್ಲ. 2008ರಲ್ಲಿ ಇದೇ ಕಲ್ಲಿನ ಕ್ಸಾಂಥೀನ್ ಭೂಮಿಯದಲ್ಲ ಎಂಬುದನ್ನು ಅದರ ಇಂಗಾಲದ ಐಸೋಟೋಪುಗಳಿಂದ, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಇಂಗಾಲದ ಪರಮಾಣುಗಳ ಪ್ರಮಾಣದಿಂದ, ತೋರಿಸಲಾಯಿತು. ನಮ್ಮ ಲೋಟದ ಕಾಫಿಯಲ್ಲಿರುವ ಕೆಫೀನಿನ ಬೆನ್ನೆಲುಬು ಸೂರ್ಯಮಂಡಲದ ಹುಟ್ಟಿನ ಕಾಲದ ಕಲ್ಲಿನಲ್ಲಿಯೂ ಇದೆ. ಈ ಸಂಗತಿಯನ್ನು ಎಷ್ಟು ಸಲ ಯೋಚಿಸಿದರೂ ನನ್ನ ಬೆರಗು ಕಡಿಮೆಯಾಗಿಲ್ಲ.

ಆದರೆ ಎಲ್ಲ ಉಲ್ಕಾಶಿಲೆಗಳೂ ಹೀಗಿರುವುದಿಲ್ಲ. ಬೀಳುವುದನ್ನು ಕಂಡು ಹೆಕ್ಕಿದ ಉಲ್ಕೆಗಳಲ್ಲಿ ನೂರಕ್ಕೆ ಸುಮಾರು 95 ಕಲ್ಲಿನವು, ಉಳಿದವು ಕಬ್ಬಿಣದವು ಅಥವಾ ಕಲ್ಲು ಕಬ್ಬಿಣಗಳ ಮಿಶ್ರಣ. ಕಲ್ಲಿನವುಗಳಲ್ಲಿ ಬಹುಪಾಲು ಸಾಮಾನ್ಯ ಕಾಂಡ್ರೈಟುಗಳು. ಒಲಿವೀನ್, ಪೈರಾಕ್ಸೀನ್ ಎಂಬ ಸಿಲಿಕೇಟು ಖನಿಜಗಳ ನಡುವೆ ಕಬ್ಬಿಣ ಮತ್ತು ನಿಕ್ಕೆಲ್ಲಿನ ಚುಕ್ಕೆಗಳು ಹರಡಿದ್ದು, ರಾಗಿಕಾಳಿನಷ್ಟು ಗಾತ್ರದ ಕಾಂಡ್ರೂಲ್ ಎಂಬ ಗುಂಡುಗಳು ಮುರಿದ ಮೈಯಲ್ಲಿ ಕಾಣುತ್ತವೆ. 1865ರಲ್ಲಿ ಮದ್ದೂರಿನ ಬಳಿ, ಮರುವರ್ಷ ಉಡುಪಿಯ ಬಳಿ, 1914ರಲ್ಲಿ ಕೇರಳದ ಕುಟ್ಟಿಪ್ಪುರಂ ಬಳಿ ಬಿದ್ದವು ಈ ಬಗೆಯವು. ಇಂಗಾಲ ಹೆಚ್ಚಿರುವ ಕಾಂಡ್ರೈಟುಗಳು ನೂರರಲ್ಲಿ ನಾಲ್ಕೈದು ಮಾತ್ರ. ನಮ್ಮ ದೇಶದಲ್ಲಿ 2017ರ ಜೂನ್ 6ರ ಬೆಳಗಿನ ಜಾವ ಜೈಪುರದ ಬಳಿಯ ಮುಕುಂದಪುರದಲ್ಲಿ ಬಿದ್ದದ್ದು ಮರ್ಚಿಸನ್ ಕಲ್ಲಿನ ಗುಂಪಿಗೇ ಸೇರಿದ್ದು.

ಇಂಗಾಲ ಹೆಚ್ಚಿರುವ ಕಲ್ಲು ಎಂದರೂ ಮರ್ಚಿಸನ್ನಿನಲ್ಲಿ ಇಂಗಾಲ ಇರುವುದು ನೂರಕ್ಕೆ ಸುಮಾರು 2 ಭಾಗ, ಅತಿ ಹೆಚ್ಚು ಇರುವ ಗುಂಪಿನಲ್ಲಿ ಮೂರೂವರೆ ಭಾಗದಷ್ಟು. ಉಳಿದದ್ದು ಹೆಚ್ಚಾಗಿ ನೀರನ್ನು ತನ್ನ ರಚನೆಯೊಳಗೆ ಹಿಡಿದಿಟ್ಟುಕೊಂಡ ಜೇಡಿಯಂತಹ ಖನಿಜ. ಆ ಇಂಗಾಲದ ದೊಡ್ಡ ಪಾಲು ಯಾವ ದ್ರಾವಕದಲ್ಲೂ ಕರಗದ ಕಪ್ಪು ವಸ್ತು: ಗ್ರಾಫೈಟಿನ ಹಾಳೆಯಂತಹ ಸಣ್ಣ ಸಣ್ಣ ಉಂಗುರಗಳ ಗುಂಪುಗಳು ಚಿಕ್ಕ ಸರಪಳಿಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕಲ್ಲಿನ ಮಸಿಬಣ್ಣಕ್ಕೆ ಇದೇ ಮುಖ್ಯ ಕಾರಣ. ಅಮೈನೋ ಆಮ್ಲದಂಥವು ದಶಲಕ್ಷದಲ್ಲಿ ಕೆಲವೇ ಕೆಲವು ಭಾಗಗಳು.

ಇನ್ನು ಅಕ್ಕನ ಮಗಳ ವಜ್ರ. ಹೌದು, ಇದೆ. 1987ರಲ್ಲಿ ಅಯೆಂಡೆ ಮುಂತಾದ ಉಲ್ಕಾಶಿಲೆಗಳಲ್ಲಿ ವಜ್ರದ ಕಣಗಳನ್ನು ಗುರುತಿಸಲಾಯಿತು; ಆದರೆ ಒಂದೊಂದು ಕಣವೂ ಕೆಲವು ನ್ಯಾನೋಮೀಟರ್ ಗಾತ್ರದ್ದು, ಅಂದರೆ ನಮ್ಮ ಬಟಾಣಿಯ ಪಂಜರವನ್ನು ಕೆಲವು ಸಾವಿರ ಕಾಳುಗಳಿಗೆ ಬೆಳೆಸಿದರೆ ಒಂದು ಕಣ. ಉಂಗುರಕ್ಕೆ ಕೂರಿಸುವ ವಜ್ರವಲ್ಲ. ಅಮೆರಿಕದ ಅರಿಝೋನಾದಲ್ಲಿ ಸುಮಾರು 50,000 ವರ್ಷಗಳ ಹಿಂದೆ 1.2 ಕಿ.ಮೀ. ಅಗಲದ ಕುಳಿ ತೋಡಿದ ಕಬ್ಬಿಣದ ಉಲ್ಕೆಯಲ್ಲಿ ವಜ್ರ ಹುಟ್ಟಿದ್ದು ಬೇರೆ ರೀತಿಯಲ್ಲಿ. ಅದರೊಳಗಿದ್ದ ಗ್ರಾಫೈಟಿನ ಹಾಳೆಗಳನ್ನು ಅಪ್ಪಳಿಸಿದ ಆಘಾತವು ಒತ್ತಿ, ಮೂರು ಕೈಗಳ ಜೋಡಣೆಯನ್ನು ನಾಲ್ಕು ಕೈಗಳ ಜೋಡಣೆಯಾಗಿ ಬದಲಿಸಿತು. ಮರ್ಚಿಸನ್ನಿನಲ್ಲಿ ಇಂಗಾಲವು ಸಿಲಿಕಾನಿನ ಕೈ ಹಿಡಿದು ಉಂಟಾದ ಸಿಲಿಕಾನ್ ಕಾರ್ಬೈಡಿನ ಹರಳುಗಳೂ ಇವೆ. ಅವು ಸೂರ್ಯ ಹುಟ್ಟುವ ಮೊದಲೇ ಬೇರೆ ನಕ್ಷತ್ರಗಳ ಸುತ್ತ ಹರಳುಗಟ್ಟಿದವು. ಕೊಡಗಿನ ನೆಲದಡಿಯ ಹಳೆಯ ಶಿಲೆಗಳಿಗೆ 300 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಸೂರ್ಯಮಂಡಲಕ್ಕೆ ಸುಮಾರು 456 ಕೋಟಿ. ಈ ಹರಳುಗಳಿಗೆ ಅದಕ್ಕಿಂತಲೂ ಹೆಚ್ಚು.

ತೋಟದ ಕಲ್ಲನ್ನು ಪರೀಕ್ಷಿಸುವುದು

ಮೊದಲು ಕಣ್ಣಿನಿಂದ ನೋಡಿ, ಕೈಗೆ ಆಮೇಲೆ ಎತ್ತಿಕೊಳ್ಳಿ. ಕಲ್ಲಿನಲ್ಲಿ ಗುಳ್ಳೆ ಒಡೆದಂತಹ ತೂತುಗಳಿದ್ದರೆ ಅದು ಬಹುಮಟ್ಟಿಗೆ ಉಲ್ಕಾಶಿಲೆಯಲ್ಲ. ಹಿಂದೆ ಕಬ್ಬಿಣ ಕಾಸಿದ ಜಾಗದ ಕಿಟ್ಟವೋ, ಜಂಬಿಟ್ಟಿಗೆಯ ಗಟ್ಟಿಯಾದ ತಿರುಳೋ ಆಗಿರುತ್ತದೆ. ಬಿಳಿ ಬೆಣಚುಕಲ್ಲಿನ ಹರಳುಗಳು ಕಂಡರೂ ಅಲ್ಲ. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಒಂದು ಮಿಲಿಮೀಟರಿಗಿಂತ ತೆಳುವಾದ ಕಪ್ಪು ಸಿಪ್ಪೆ ಇರುತ್ತದೆ. ಗಾಳಿಯಲ್ಲಿ ಬರುವಾಗ ಹೊರಮೈ ಮಾತ್ರ ಕರಗಿ ಹೆಪ್ಪುಗಟ್ಟಿದ್ದು ಅದು. ಮೂಲೆ ಒಡೆದಿದ್ದರೆ ಒಳಗೆ ಬೂದು ಬಣ್ಣ ಕಾಣಬಹುದು. ಕೆಲವುದರ ಮೈಮೇಲೆ ಮೆತ್ತನೆಯ ಹಿಟ್ಟಿಗೆ ಹೆಬ್ಬೆರಳು ಒತ್ತಿದಂತಹ ತಗ್ಗುಗಳಿರುತ್ತವೆ.

ಎರಡನೆಯದು ಒರೆ ಹಚ್ಚುವ ಪರೀಕ್ಷೆ. ಇದಕ್ಕೆ ನಮ್ಮ ಮನೆಗಳ ಕೆಂಪು ಮಂಗಳೂರು ಹಂಚು ಕೆಲಸಕ್ಕೆ ಬಾರದು, ಏಕೆಂದರೆ ಹಂಚಿನ ಕೆಂಪೇ ಕಲ್ಲಿನ ಗೀರಿನಂತೆ ಕಂಡು ಮೋಸವಾಗುತ್ತದೆ. ಬಚ್ಚಲುಮನೆಯ ಬಿಳಿ ಟೈಲ್ಸಿನ ಹಿಂಬದಿ, ಅಂದರೆ ಹೊಳಪಿಲ್ಲದ ಬಿಳಿ ಮೈ ಇರುವ ಕಡೆ, ಅಥವಾ ಪಿಂಗಾಣಿ ಬಟ್ಟಲಿನ ತಳದ ಒರಟಾದ ಅಂಚು ಬೇಕು. ಕಲ್ಲಿನ ಒಂದು ಮೂಲೆಯನ್ನು ಅದರ ಮೇಲೆ ಎಳೆದಾಗ ಕೆಂಪು ಕಂದು ಗೀರು ಮೂಡಿದರೆ ಹೆಮಟೈಟ್, ದಟ್ಟ ಕಪ್ಪು ಗೀರು ಮೂಡಿದರೆ ಮ್ಯಾಗ್ನಟೈಟ್. ಎರಡೂ ಭೂಮಿಯ ಕಬ್ಬಿಣದ ಅದಿರುಗಳು. ಹೊಸ ಕಲ್ಲಿನ ಉಲ್ಕಾಶಿಲೆ ಗೀರು ಬಿಡುವುದಿಲ್ಲ, ಬಿಟ್ಟರೂ ಮಸುಕಾದ ಬೂದು ಮಾತ್ರ.

ಅಯಸ್ಕಾಂತವನ್ನು ಎಲ್ಲರೂ ಮೊದಲು ಹುಡುಕುತ್ತಾರೆ, ನಾನು ಅದನ್ನು ಹಿಂದಕ್ಕೆ ಹಾಕಿದ್ದೇನೆ. ಹಳೆಯ ಸ್ಪೀಕರಿನ ಬಲವಾದ ಅಯಸ್ಕಾಂತವನ್ನು ಉಲ್ಕಾಶಿಲೆಗೆ ಅಂಟಿಸಿದರೆ, ಕೋಟ್ಯಂತರ ವರ್ಷಗಳಿಂದ ಅದರಲ್ಲಿ ಉಳಿದುಬಂದ ಕಾಂತೀಯ ಗುರುತುಗಳು ಅಳಿಸಿಹೋಗುತ್ತವೆ. ಬದಲಿಗೆ ಒಂದು ದಿಕ್ಸೂಚಿಯ ಹತ್ತಿರ ಕಲ್ಲನ್ನು ತಂದು ಮುಳ್ಳು ಅಲುಗುತ್ತದೆಯೇ ನೋಡಿ. ಅಥವಾ ಉದುರಿದ ಚೂರಿನ ಮೇಲೆ ಮಾತ್ರ ಅಯಸ್ಕಾಂತ ಹಿಡಿಯಿರಿ. ಮ್ಯಾಗ್ನಟೈಟ್ ಮತ್ತು ಕಿಟ್ಟ ಎರಡೂ ಅಯಸ್ಕಾಂತಕ್ಕೆ ಅಂಟಬಲ್ಲವಾದ್ದರಿಂದ ಈ ಒಂದು ಪರೀಕ್ಷೆಯಿಂದ ಏನನ್ನೂ ತೀರ್ಮಾನಿಸಬಾರದು.

ಸಾಂದ್ರತೆಯನ್ನು ಅಳೆಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ದಾರ ಕಟ್ಟಿದ ಕಲ್ಲನ್ನು ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿದಿರಿ. ಈಗ ತಕ್ಕಡಿ ತೋರಿಸುವ ಗ್ರಾಮುಗಳ ಸಂಖ್ಯೆಯೇ ಕಲ್ಲಿನ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ತೂಕವನ್ನು ಅದರಿಂದ ಭಾಗಿಸಿ. ಉದಾಹರಣೆಗೆ 840 ಗ್ರಾಂ ಕಲ್ಲನ್ನು ಮುಳುಗಿಸಿದಾಗ 240 ತೋರಿಸಿದರೆ ಸಾಂದ್ರತೆ 3.5, 315 ತೋರಿಸಿದರೆ 2.67. ಗ್ರಾನೈಟಿನಂಥ ಶಿಲೆ 2.6ರಿಂದ 2.8ರೊಳಗೆ ಇರುತ್ತದೆ, ಸಾಮಾನ್ಯ ಕಾಂಡ್ರೈಟು 3.3ರಿಂದ 3.7ರ ಆಸುಪಾಸಿನಲ್ಲಿ, ಮ್ಯಾಗ್ನಟೈಟ್ 5ಕ್ಕೆ ಮೇಲೆ, ಕಬ್ಬಿಣದ ಉಲ್ಕೆ 8ರ ಹತ್ತಿರ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಗಾಲ ಹೆಚ್ಚಿರುವ ಉಲ್ಕಾಶಿಲೆ ಈ ತೂಕದ ಪರೀಕ್ಷೆಯಲ್ಲಿ ಸೋಲುತ್ತದೆ. ಅದು ಊರಿನ ಕಲ್ಲಿನಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹಗುರ. ನೋಡಲು ಇದ್ದಿಲಿನ ಗಟ್ಟಿಯಂತಿರುವ ಅದು ನೀರಿನಲ್ಲಿ ಮುಳುಗಿಸಿದರೆ ಒಳಗಿನ ಲವಣಗಳನ್ನು ಕಳೆದುಕೊಳ್ಳುತ್ತದೆ, ಕೆಲವು ಪುಡಿಯಾಗುವುದೂ ಉಂಟು. ಆದ್ದರಿಂದ ಆಕಾಶದಲ್ಲಿ ಬೆಂಕಿಯುಂಡೆ ಕಂಡು, ಸದ್ದು ಕೇಳಿ, ಅಂಗಳದಲ್ಲೋ ಕಣದಲ್ಲೋ ಹೊಸದಾಗಿ ಬಿದ್ದ ಕಪ್ಪು ಕಲ್ಲು ಸಿಕ್ಕರೆ ಮೇಲಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಮೊದಲು ಬಿದ್ದ ಜಾಗದಲ್ಲೇ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಹೊಸದಾಗಿ ಬಿದ್ದ ಉಲ್ಕೆ ಸುಡುತ್ತಿರುತ್ತದೆ, ವಿಷ ಕಾರುತ್ತದೆ ಎಂಬ ಭಯ ಬೇಡ. ಬೆಚ್ಚಗಿರಬಹುದು, ತಣ್ಣಗೂ ಇರಬಹುದು. ಬರಿಗೈ ತಾಗದಂತೆ, ಹೊಸ ಅಲ್ಯೂಮಿನಿಯಂ ಹಾಳೆಯಿಂದಲೇ ಎತ್ತಿ, ಅದರಲ್ಲೇ ಸುತ್ತಿ, ತೊಳೆದು ಪೂರ್ತಿ ಒಣಗಿಸಿದ ಗಾಜಿನ ಭರಣಿಯಲ್ಲಿ ಇಡಿ. ಪ್ಲಾಸ್ಟಿಕ್ಕೂ ಇಂಗಾಲದ ಸರಪಳಿಯೇ, ಬೆವರಿನಲ್ಲಿಯೂ ಎಡ ರೂಪದ ಅಮೈನೋ ಆಮ್ಲಗಳಿವೆ, ಸೋಪಿನ ಕಣವೂ ಉದ್ದನೆಯ ಇಂಗಾಲದ ಬಾಲವುಳ್ಳದ್ದು. ಇವು ಕಲ್ಲಿಗೆ ಸೇರಿದರೆ ಆಕಾಶದ್ದು ಯಾವುದು, ನಮ್ಮ ಮನೆಯದು ಯಾವುದು ಎಂದು ಬಿಡಿಸುವುದು ಕಷ್ಟವಾಗುತ್ತದೆ. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರ ಸೆಪ್ಟೆಂಬರಿನಲ್ಲಿ ತಂದ 121.6 ಗ್ರಾಂ ಮಣ್ಣನ್ನು ಮೊದಲಿನಿಂದಲೂ ಮುಚ್ಚಿಟ್ಟು ತಂದದ್ದರಿಂದಲೇ, ಜೀವಿಗಳು ಪ್ರೋಟೀನಿಗೆ ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿವೆ ಎಂದು ನಂಬಿಕೆಯಿಂದ ಹೇಳಲು ಸಾಧ್ಯವಾಯಿತು.

ಆಕಾಶದಿಂದ ಬಂದ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜಿಸಬೇಕೆಂದು ಹಿರಿಯರಿಗೆ ಅನಿಸಿದರೆ ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಭರಣಿಯನ್ನು ಮುಚ್ಚಿ, ಅದರ ಮುಂದೆ ಬಾಳೆಲೆ ಹಾಸಿ, ಅರಿಶಿನ ಕುಂಕುಮವನ್ನು ಎಲೆಗೇ ಇಡುವಂತೆ ಕೇಳಿಕೊಳ್ಳಬಹುದು. ಅರಿಶಿನದ ಹಳದಿಯೂ ಇಂಗಾಲದ ಉಂಗುರಗಳಿಂದಾದದ್ದು ಎಂದು ವಿವರಿಸಿದರೆ ನಮ್ಮ ಮನೆಯ ಅಜ್ಜಿಯಂದಿರು ಒಪ್ಪುತ್ತಾರೆ.

ಹಳೆಯ ಉಲ್ಕಾಶಿಲೆ ಕೊಡಗಿನ ಮಣ್ಣಿನಲ್ಲಿ ಸಿಗುವ ಸಾಧ್ಯತೆ ತೀರ ಕಡಿಮೆ ಎಂಬುದನ್ನೂ ಹೇಳಲೇಬೇಕು. ಮಡಿಕೇರಿಯ ಕಡೆ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆ ತೇವದಲ್ಲಿ ಉಲ್ಕಾಶಿಲೆಯೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳುತ್ತದೆ. ಅಂಟಾರ್ಕ್ಟಿಕಾದ ಹಿಮದಲ್ಲೂ ಸಹಾರಾದ ಮರಳಿನಲ್ಲೂ ಅವು ಹೆಚ್ಚಾಗಿ ಸಿಗುವುದಕ್ಕೆ ಅಲ್ಲಿನ ಒಣ ಹವೆ ಒಂದು ದೊಡ್ಡ ಕಾರಣ.

ನಮ್ಮ ತೋಟದ ಕಲ್ಲಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ದಾಖಲಿಸುತ್ತೇನೆ. ಅಕ್ಕನ ಮಗಳು ತಂದ ಕೂಡಲೇ ಮಣ್ಣು ಹೋಗಲೆಂದು ಅದನ್ನು ಸೋಪಿನ ಪುಡಿ ಹಾಕಿ ತಂತಿಯ ಬ್ರಷ್ಷಿನಲ್ಲಿ ಉಜ್ಜಿದೆ. ಆಮೇಲೆ ನೋಡಿದರೆ ಒಂದು ಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ತೂತುಗಳು, ಅವುಗಳ ಒಳಗೋಡೆ ಗಾಜಿನಂತೆ ಹೊಳೆಯುತ್ತಿತ್ತು, ಅದು ಕಿಟ್ಟ. ಹಾಗಾಗಿ ನಷ್ಟವಾಗಲಿಲ್ಲ. ಆದರೆ ಅದು ಮುಕುಂದಪುರದ ಕಲ್ಲಿನಂಥದ್ದೇ ಆಗಿದ್ದರೆ ಅದರ ಸಿಪ್ಪೆಯನ್ನೂ, ಅದರೊಳಗಿನ ಎಡ ಬಲಗಳ ಲೆಕ್ಕವನ್ನೂ ನಾನೇ ಐದು ನಿಮಿಷದಲ್ಲಿ ಕೆಡಿಸಿರುತ್ತಿದ್ದೆ.

ಎಲ್ಲ ಪರೀಕ್ಷೆಗಳನ್ನು ದಾಟಿದ ಕಲ್ಲಾಗಲಿ, ಬೀಳುವುದನ್ನು ಕಂಡು ಹೆಕ್ಕಿದ ಕಲ್ಲಾಗಲಿ ಇದ್ದರೆ ಅದನ್ನು ಒಡೆಯದೆ, ಕಾಯಿಸದೆ, ಆಮ್ಲ ಹಾಕದೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ತಿಳಿಸಬೇಕು. ಅದರ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ, ಬೆಂಗಳೂರಿನಲ್ಲಿಯೂ ಕಚೇರಿ ಇದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿಯೂ ಉಲ್ಕಾಶಿಲೆಗಳ ಅಧ್ಯಯನ ನಡೆಯುತ್ತದೆ. ಭರಣಿಯ ಜೊತೆ, ಆದರೆ ಅದರ ಒಳಗಲ್ಲ, ಒಂದು ಚೀಟಿ ಇಡಿ: ಬಿದ್ದ ಅಥವಾ ಸಿಕ್ಕ ದಿನ, ಗಂಟೆ, ಜಾಗ, ಗದ್ದೆಯಲ್ಲೋ, ಕಾಫಿ ಗಿಡದ ಬುಡದಲ್ಲೋ, ಸಿಮೆಂಟಿನ ಕಣದಲ್ಲೋ, ಅಂದಿನಿಂದ ಮಳೆ ಬಂದಿದೆಯೇ, ಯಾರು ಯಾರು ಬರಿಗೈಯಲ್ಲಿ ಮುಟ್ಟಿದ್ದಾರೆ, ನೀರು, ಸೋಪು, ಎಣ್ಣೆ, ಅರಿಶಿನ ಇವುಗಳಲ್ಲಿ ಯಾವುದು ಎಲ್ಲಿ ತಾಗಿದೆ. ತಾಗಿದ್ದನ್ನು ಮುಚ್ಚಿಡದೆ ಬರೆಯಿರಿ. ಪ್ರಯೋಗಾಲಯದವರು ಆ ಬದಿಯನ್ನು ಬಿಟ್ಟು ಇನ್ನೊಂದು ಬದಿಯಿಂದ ಚೂರು ತೆಗೆಯುತ್ತಾರೆ.